ತಣ್ಣನೆಯ ಊರಿನ ಗಂಡು ಅಂಜೂರ

ಅಯ್ತ್ ಸಾಲೆಮ್
28 ಆಗಸ್ಟ್ 1988

ಮಗಳೇ ದಹ್ಬಿಯಾ,

ನೀನು, ಅಳಿಯ ಲಖ್ದರ್, ತಾವುಸ್ ಚಿಕ್ಕಮ್ಮ ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಇಲ್ಲಿ ನಾನು, ನಿನ್ನಪ್ಪ, ನಾಲ್ಕು ಆಡು, ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಕಾಗದ ಜೂನ್ ಮೊದಲ ವಾರದಲ್ಲೇ ಬಂತು. ಇಷ್ಟು ತಡ ಮಾಡಿದೆನೆಂದು ಮುನಿಸಿಕೊಳ್ಳಬೇಡ. ಈ ಸಲ ಮೇಷ್ಟರ ಹೆಂಡತಿಯಿಂದ ಬರೆಸದೆ ನಾನೇ ಬರೆಯುತ್ತಿದ್ದೇನೆ. ಹೆಂಗಸರ ಶಾಲೆಯಲ್ಲಿ ಎರಡು ಚಳಿಗಾಲ ಕಲಿತ ಅಕ್ಷರ. ಇವತ್ತಿಗೆ ನಾಲ್ಕನೇ ದಿನ ಕೂತಿದ್ದೇನೆ, ಸೊಟ್ಟಗಿದ್ದರೆ ನಗು, ಪರವಾಗಿಲ್ಲ.

ಡಿಸೆಂಬರಿನಲ್ಲಿ ಹೆರಿಗೆ, ತವರಿಗೆ ಬರಲೇ ಎಂದು ಕೇಳಿದ್ದೀಯೆ. ಆ ಒಂದು ಸಾಲನ್ನು ಓದಿಸಿ ಓದಿಸಿ ಕೇಳಿದೆ, ಆಮೇಲೆ ನಾನೇ ಬೆರಳಿಟ್ಟು ಓದಿದೆ. ಉತ್ತರ ಕೊಡುತ್ತೇನೆ. ಅದಕ್ಕೆ ಮುಂಚೆ ಈ ಬೇಸಿಗೆ ನಮಗೆ ಏನಾಯಿತು ಎನ್ನುವುದನ್ನು ಕೇಳು.

ಮೇ ತಿಂಗಳಲ್ಲೇ ನಿಮ್ಮ ದಿಕ್ಕಿನಿಂದ ಬಿಸಿಗಾಳಿ ಹೊಡೆಯಿತು. ಮಗಳು ಖರ್ಜೂರ ಕಳಿಸುವುದು ಬಿಟ್ಟು ಮರಳುಗಾಡನ್ನೇ ಕಳಿಸಿದ್ದಾಳೆ ಎಂದು ನಿನ್ನಪ್ಪ ನಗೆಯಾಡಿದರು. ನಗು ಬಹಳ ದಿನ ಇರಲಿಲ್ಲ. ನಮ್ಮ ಗಂಡು ಅಂಜೂರದ ಮರ ಮೂರು ವಾರ ಮೊದಲೇ ಕಾಯಿ ಬಲಿಸಿಬಿಟ್ಟಿತು. ನೀನು ಬೆಳೆದದ್ದು ಆ ಮರಳುಗಾಡಿನ ತುಗ್ಗುರ್ತ್‌ನಲ್ಲಿ, ನಿನಗೆ ಮರೆತಿರಬಹುದು. ಗಂಡು ಮರದ ಕಾಯಿಯೊಳಗೆ ಎಳ್ಳಿಗಿಂತ ಸಣ್ಣ ಕಪ್ಪು ಕಣಜಗಳಿರುತ್ತವೆ. ಆ ಕಾಯಿಗಳನ್ನು ದಾರಕ್ಕೆ ಪೋಣಿಸಿ ಹೆಣ್ಣು ಮರಕ್ಕೆ ತೂಗುಹಾಕುತ್ತೇವೆ. ಕಣಜ ಹೊರಬಂದು ಹೆಣ್ಣು ಮರದ ಎಳೆಗಾಯಿಯೊಳಗೆ ನುಸುಳಿದರೆ ಕಾಯಿ ನಿಲ್ಲುತ್ತದೆ, ಇಲ್ಲದಿದ್ದರೆ ಉದುರಿಹೋಗುತ್ತದೆ. ಈ ಸಲ ಕಣಜ ಹೊರಬಂದಾಗ ಹೆಣ್ಣು ಮರಗಳಲ್ಲಿ ಕಾಯಿ ಇನ್ನೂ ಕಡಲೆಯಷ್ಟೂ ಆಗಿರಲಿಲ್ಲ. ಅವು ಸುತ್ತಿ ಸುತ್ತಿ ಎರಡೇ ದಿನದಲ್ಲಿ ಸತ್ತವು. ಊರಿಗೆಲ್ಲ ಅದೇ ಗತಿ. ಜೂನ್ ಕೊನೆಗೆ ಮರದ ಕೆಳಗೆ ಕಾಲಿಟ್ಟರೆ ಹಸಿರು ಕಾಯಿಗಳು ಚಟಚಟನೆ ತುಳಿತಕ್ಕೆ ಸಿಗುತ್ತಿದ್ದವು. ಒಣ ಅಂಜೂರವಿಲ್ಲದೆ ಇಲ್ಲಿ ಚಳಿಗಾಲ ಕಳೆದವರಿಲ್ಲ. ನಿನ್ನಪ್ಪ ಊಟಕ್ಕೆ ಕೂತು ಎಣ್ಣೆಯಲ್ಲಿ ರೊಟ್ಟಿ ಅದ್ದಿ ಹಾಗೇ ಹಿಡಿದುಕೊಂಡಿರುತ್ತಿದ್ದರು.

ಆಗ ನೆನಪಾದದ್ದು ಮೇಲಿನ ತಿಝಿ ಊರು. ಅಲ್ಲಿ ಮನೆಗಳ ಹಿಂದಿನ ಕೊರಕಲಿನಲ್ಲಿ ಏಪ್ರಿಲ್‌ವರೆಗೂ ಹಿಮ ಕೂತಿರುತ್ತದೆ. ಅದರ ಅಂಚಿನಲ್ಲಿ ಫೆರೂಜಾ ಎನ್ನುವ ಮುದುಕಿಯದೊಂದು ಗಂಡು ಮರವಿದೆ. ಕಾಯಿ ಬಲಿಯುವುದರಲ್ಲಿ ಅದು ಯಾವಾಗಲೂ ಎಲ್ಲರಿಗಿಂತ ಹಿಂದೆ. ಮುದುಕಿಯ ಬಾಯಿ ಮಾತ್ರ ಎಲ್ಲರಿಗಿಂತ ಮುಂದೆ, ಅದಕ್ಕೇ ಯಾರೂ ಹೋಗುವುದಿಲ್ಲ. ನಿನ್ನಪ್ಪನಿಗೆ ಮಂಡಿನೋವು. ಹೇಸರಗತ್ತೆ ಹೊಡೆದುಕೊಂಡು ನಾನೇ ಹೊರಟೆ. ಎರಡು ಗಂಟೆಯ ಏರು. ಅರ್ಧ ದಾರಿಯಲ್ಲಿ ಬೆವರು ಆರಿತು, ಊರು ಮುಟ್ಟುವ ಹೊತ್ತಿಗೆ ತಲೆವಸ್ತ್ರ ಬಿಗಿಯಾಗಿ ಸುತ್ತಿಕೊಂಡೆ.

ಫೆರೂಜಾ ಆ ಜೂನ್‌ನಲ್ಲೂ ಉಣ್ಣೆ ಹೊದ್ದು ಹೊಸ್ತಿಲ ಮೇಲೆ ಅವರೆ ಬಿಡಿಸುತ್ತಿದ್ದಳು.

"ಏನಮ್ಮಾ ಘನೀಮಾ, ಬಿಸಿಲೂರಿನವರಿಗೆ ಬೆಂದ ಮೇಲೆ ನಮ್ಮ ನೆನಪಾಯ್ತಾ?" ಎಂದಳು.

ಬಂದ ಕಾರಣ ಹೇಳಿದೆ. ಕೇಳಿಸಿಕೊಳ್ಳದವಳ ಹಾಗೆ ಇನ್ನೊಂದು ಹಿಡಿ ಅವರೆ ಬಿಡಿಸಿದಳು. ಆಮೇಲೆ, ನಾನು ಎಣಿಸಿರದ ಕಡೆಯಿಂದ ಚುಚ್ಚಿದಳು.

"ಆ ಉಬ್ಬಸದ ಮಗೂನ ಯಾರಿಗೋ ಕೊಟ್ಟುಬಿಟ್ಟೆಯಲ್ಲ. ಬದುಕಿದೆಯಾ?"

"ಯಾರಿಗೋ ಅಲ್ಲಕ್ಕಾ, ನನ್ನ ತಂಗಿಗೆ. ಆರು ವರ್ಷಕ್ಕೆ ಕಳಿಸಿದ್ದು, ಈಗ ಇಪ್ಪತ್ತೊಂದು. ಗಟ್ಟಿಮುಟ್ಟಾಗಿದಾಳೆ. ಚೊಚ್ಚಲ ಬಸುರಿ."

ಅವಳ ಕೈ ನಿಂತಿತು. ನನ್ನ ಮುಖವನ್ನೇ ನೋಡಿದಳು.

"ಹಾಗಾದ್ರೆ ಕೊಟ್ಟಿದ್ದಲ್ಲ ಬಿಡು, ನೆಟ್ಟಿದ್ದು" ಎಂದವಳೇ ಎದ್ದು, ಬುಟ್ಟಿ ತೆಗೆದುಕೊಂಡು ಕೊರಕಲಿಗೆ ನಡೆದಳು.

ಎಪ್ಪತ್ತು ದಾಟಿದವಳು ತಾನೇ ಮರ ಹತ್ತಿದಳು, ನನಗೆ ಬಿಡಲಿಲ್ಲ. ಕಾಯಿಗಳು ಆಗಷ್ಟೇ ಮೆತ್ತಗಾಗಲು ಶುರುವಾಗಿದ್ದವು. ಒಂದನ್ನು ಸೀಳಿ ತೋರಿಸಿದಳು, ಕಣಜಗಳು ಇನ್ನೂ ನಿದ್ದೆಗಣ್ಣಿನಲ್ಲಿದ್ದವು. ತಂಪಾಗಿರಲೆಂದು ಒದ್ದೆ ಜರೀಗಿಡದ ಎಲೆ ಸುತ್ತಿ ಕೊಟ್ಟು, ಬಿಸಿಲು ಇಳಿಯುವ ತನಕ ಹೊರಡಬೇಡ, ದಾರಿಯಲ್ಲೇ ಹಾರಿಹೋಗುತ್ತವೆ ಎಂದು ತಡೆದಳು. ಅವರ ಊರಿನಲ್ಲಿ ಅಂಜೂರ ಹಣ್ಣಾಗುತ್ತದೆಯಂತೆ, ಒಣಗುವುದಿಲ್ಲವಂತೆ. ಚಾಪೆ ಹಾಸುವಷ್ಟರಲ್ಲಿ ಮಂಜು ಬಂದು ಬೂಸಲು ಹಿಡಿಯುತ್ತದಂತೆ. ಆದ್ದರಿಂದ ಒಣಗಿದ್ದು ಒಂದು ಬುಟ್ಟಿ ಕಳಿಸಬೇಕೆಂದು ಮಾತು ತೆಗೆದುಕೊಂಡಳು. ನನ್ನ ಹಿಂದೆಯೇ ಕೂಗಿ, ಹುಳ ಇರುವ ಹಣ್ಣು ಕಳಿಸಿದರೆ ವಾಪಸು ಬರುತ್ತದೆ ಎಂದೂ ಹೇಳಿದಳು.

ಮಾರನೇ ಬೆಳಿಗ್ಗೆ ನಿನ್ನಪ್ಪನೂ ನಾನೂ ಸರ ಪೋಣಿಸಿ ಕಟ್ಟಿದೆವು. ಅಕ್ಕಪಕ್ಕದ ಎರಡು ಮನೆಗೂ ಕೊಟ್ಟೆ. ಬಿಸಿಲು ತಾಗಿದ ಕೂಡಲೇ ಮಸಿಯ ಪುಡಿಯಂತೆ ಕಣಜಗಳು ಹೊರಬಂದು, ಉಳಿದಿದ್ದ ಕಾಯಿಗಳನ್ನು ಹುಡುಕಿಕೊಂಡು ಹೋದವು. ಹತ್ತು ದಿನ ತಲೆಯೆತ್ತಿ ಮರ ನೋಡುವುದನ್ನೂ ಬಿಟ್ಟು ಬರೀ ನೆಲ ನೋಡಿದೆವು. ಉದುರುವುದು ನಿಂತಿತ್ತು. ಹೋದ ವರ್ಷದ ಅರ್ಧವಿರಬಹುದು, ಸಾಕು. ಈಗ ಮಾಡಿನ ಮೇಲೆ ಮೂರು ಚಾಪೆ ಹಾಸಿದೆ, ನಿನ್ನಪ್ಪ ಹರಡುವುದಕ್ಕಿಂತ ಹೆಚ್ಚು ತಿನ್ನುತ್ತಾರೆ. ಮನೆ ತುಂಬಾ ಜೇನಿನ ವಾಸನೆ. ಇಷ್ಟು ನೆಮ್ಮದಿ ನನಗೆ ಬಹಳ ವರ್ಷದಿಂದ ಇರಲಿಲ್ಲ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಬರಬೇಡ ಮಗಳೇ. ಡಿಸೆಂಬರಿನಲ್ಲಿ ಇಲ್ಲಿ ಮಂಜು ಒಲೆಯ ತನಕ ಬರುತ್ತದೆ, ಗೋಡೆ ಒದ್ದೆಯಾಗುತ್ತದೆ. ನಿನ್ನ ಎದೆಗೂ ಬೇಡ, ಹುಟ್ಟುವ ಕೂಸಿಗೂ ಬೇಡ. ನಾನೇ ಬರುತ್ತೇನೆ. ಬಸ್ಸು, ಆಮೇಲೆ ರೈಲು, ಕೇಳಿಕೊಂಡಿದ್ದೇನೆ. ಎಣ್ಣೆ, ಅಂಜೂರ, ತೊಟ್ಟಿಲಿಗೆ ನೇಯ್ದ ಕಂಬಳಿ ತರುತ್ತೇನೆ. ಕಂಬಳಿ ನಿಮ್ಮೂರಿಗೆ ಯಾಕೆ ಎಂದು ನಿನ್ನಪ್ಪ ಕೇಳಿದರು, ಮರಳುಗಾಡಿನಲ್ಲೂ ಡಿಸೆಂಬರ್ ರಾತ್ರಿ ಕೊರೆಯುತ್ತದೆ ಎಂದು ನೀನೇ ಬರೆದಿದ್ದೆಯಲ್ಲ. ಆಡುಗಳನ್ನು ಅವರು ನೋಡಿಕೊಳ್ಳುತ್ತಾರಂತೆ. ನನ್ನನ್ನು ನಲವತ್ತು ದಿನ ಬಿಟ್ಟಿರುತ್ತಾರಂತೆ, ನಲವತ್ತೊಂದನೇ ದಿನ ಆಡುಗಳ ಸಮೇತ ತುಗ್ಗುರ್ತ್‌ಗೆ ಬರುತ್ತಾರಂತೆ.

ದೇವರು ನಿನ್ನ ಉಸಿರನ್ನೂ ನಿನ್ನೊಳಗಿನ ಉಸಿರನ್ನೂ ಹಗುರವಾಗಿಡಲಿ. ನಿನ್ನನ್ನು ಬೆಳೆಸಿದ ಕೈಗಳಿಗೆ ನನ್ನ ಮುತ್ತು ಕೊಡು.

ನಿನ್ನ ತಾಯಿ,
ಘನೀಮಾ

ಇನ್ನೊಂದು ಮಾತು. ಹೋದ ವರ್ಷ ಬಂದಾಗ ನೀನು, ನನ್ನನ್ನು ಯಾಕೆ ವಾಪಸು ಕರೆಸಿಕೊಳ್ಳಲಿಲ್ಲ ಎಂದು ಕೇಳಿದೆ. ಡಾಕ್ಟರು ಬೇಡವೆಂದರು ಎಂದೆ ನಾನು. ಅದು ಸುಳ್ಳು. ಡಾಕ್ಟರು ಅಲ್ಲಿಯ ಒಣ ಹವೆಯಲ್ಲಿ ಇರಲಿ ಎಂದು ಹೇಳಿದ್ದು ಎರಡೇ ಚಳಿಗಾಲ. ಮೂರನೇ ವರ್ಷ ಉಸಿರು ತಿಳಿಯಾಗಿದೆ, ಕರೆದುಕೊಂಡು ಬನ್ನಿ ಎಂದರು. ನಾನು ಗಂಟು ಕಟ್ಟಿಕೊಂಡು ಬಸ್ಸಿನ ತನಕ ಹೋದೆ. ಅವತ್ತು ಮಂಜು ಕವಿದಿತ್ತು. ಬಸ್ಸಿನೊಳಗೆ ಯಾರದೋ ಮಗು ಕೆಮ್ಮುತ್ತಿತ್ತು. ನಾನು ಹತ್ತಲಿಲ್ಲ. ನಿನ್ನಪ್ಪನಿಗೂ, ತಾವುಸ್‌ಗೂ ಡಾಕ್ಟರ ಹೆಸರನ್ನೇ ಹೇಳಿದೆ. ಹದಿಮೂರು ವರ್ಷ ಅದನ್ನೇ ಹೇಳಿದ್ದೇನೆ. ನಿನ್ನನ್ನು ಅಲ್ಲಿ ಬಿಟ್ಟವಳು ನಾನು.

ಇದನ್ನು ಓದಿದ ಮೇಲೆ ನಾನು ಬರುವುದು ಬೇಡವೆನಿಸಿದರೆ ಒಂದು ಸಾಲು ಬರೆ. ಬೇಕೆನಿಸಿದರೆ ಏನೂ ಬರೆಯಬೇಡ, ಹೊರಟು ಬರುತ್ತೇನೆ.