ಅದೃಶ್ಯ ಮಂತ್ರಕ್ಕೆ ನಾನು ಕೊಟ್ಟ ತೀರ್ಪು

ಗೆಳೆಯ ಶರತ್ಚಂದ್ರ,

ಇವತ್ತು ಅರಸೀಕೆರೆಯ ನಮ್ಮ ಕೊಬ್ಬರಿ ಮಂಡಿಯಲ್ಲಿ, ದಾಳ ಉರುಳಿಸಿ ಕಥೆ ಕಟ್ಟುವ ಆಟದಲ್ಲಿ, ನಿನ್ನ ತಂಗಿ ಪ್ರತಿಮಾ ಆಡುತ್ತಿದ್ದ ರಾಣಿ ಮಂತ್ರ ಹಾಕಿ ಅದೃಶ್ಯಳಾಗಿ ಹೋಗಿ ಗಾಯಾಳುವಿಗೆ ನೀರು ಕುಡಿಸಿದಳು. "ಮುಟ್ಟಿಬಿಟ್ಟೆ! ಮಂತ್ರ ಮುರಿಯಿತು!" ಎಂದು ಆಟ ನಡೆಸುವ ನಾನು ಗುಡುಗಿದೆ.

"ಹೊಡೆದ್ರೆ ಮಾತ್ರ ಮುರಿಯೋದು ಕಣಣ್ಣ. ಪುಸ್ತಕ ಓದಿದ್ದೀಯೋ, ಬರೀ ಡೈಲಾಗೋ?" ಎಂದು ಅವಳು ಆಟದ ನಿಯಮ ಪುಸ್ತಕದ ಪುಟ ತೋರಿಸಿದಳು.

ನೀನೂ ಅಂದು ಇದನ್ನೇ ಹೇಳಿದ್ದೆ. ನಾನು ಪಾತ್ರ ಮಾಡುವ ನಮ್ಮೂರ ನಾಟಕಗಳಲ್ಲಿ ಮಾಯವಾದವನು ಯಾರನ್ನಾದರೂ ಮುಟ್ಟಿದರೆ ಹೊದ್ದ ಕರಿಕಂಬಳಿ ತೆಗೆಯಲೇಬೇಕು. ಅದನ್ನೇ ಆಟದ ನಿಯಮವೆಂದುಕೊಂಡು, ಅದೃಶ್ಯನಾಗಿದ್ದ ನಿನ್ನ ವೀರ ಒಬ್ಬನನ್ನು ಮುಟ್ಟಿದ್ದಕ್ಕೆ ಮಂತ್ರ ಮುರಿಯಿತೆಂದು, ನೀನು ಮೂರು ವರ್ಷ ಆಡಿದ ಅವನನ್ನು ನಾನು ಶತ್ರುಗಳಿಂದ ಕೊಲ್ಲಿಸಿದೆ. "ಸತ್ತೋನು ಮಾತಾಡ್ಬಾರ್ದು ಕಣ್ಲಾ" ಎಂದು ಎಲ್ಲರೆದುರು ನಕ್ಕೆ. ನೀನು ಎದ್ದುಹೋದೆ.

ಆಮೇಲೆ ನಿನಗೆ ಜ್ವರ ಹೆಚ್ಚಾಗಿ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ತಿಳಿದಾಗಲೂ, ನೀನೇ ಮೊದಲು ಮಾತಾಡಲಿ ಎಂದು ಕಾದೆ. ನೀನು ತೀರಿಕೊಂಡ ದಿನದವರೆಗೂ ಕಾದೆ. ಆಸ್ಪತ್ರೆ ಮಂಡಿಯಿಂದ ಐದು ನಿಮಿಷದ ದಾರಿ.