ಬಿಟ್ಟ ಬಡಿತ

ಗುರುವಾರ, ಸಂಜೆ ಆರು ಗಂಟೆ

ಅಣ್ಣನಿಗೆ, ತಂಗಿಯ ನಮಸ್ಕಾರ.

ಇವತ್ತು ಲಾಯವನ್ನು ಎರಡು ಸಲ ತೊಳೆದೆ. ಮಧ್ಯಾಹ್ನ ಆಸ್ಪತ್ರೆಯ ಶವಾಗಾರದವರು ನನ್ನ ಗಂಡನ ಬೂಟು ಕೊಟ್ಟರು. ಎಡಗಾಲಿನದರ ಒಳಗೆ ರಕ್ತ ಒಣಗಿ ಗಟ್ಟಿಯಾಗಿದೆ, ಕೈ ಹೋಗುವುದಿಲ್ಲ. ನಿನ್ನ ತುಟಿಗೆ ನಾಲ್ಕು ಹೊಲಿಗೆ ಬಿದ್ದಿದೆಯೆಂದು ಕೇಳಿದೆ. ಗೊರಸು ಕೆರೆಯುವ ಕೊಕ್ಕೆಯಿಂದ ಹೊಡೆದದ್ದಕ್ಕೆ ಕ್ಷಮೆ ಕೇಳಲು ಬರೆಯುತ್ತಿಲ್ಲ.

ನೀನೇ ಕಲಿಸಿದ್ದೆ. ಓಡಿ ಓಡಿ ಪಳಗಿದ ಕುದುರೆಯ ಹೃದಯ ದೊಡ್ಡದಾಗುತ್ತದೆ, ಗೋಡೆ ದಪ್ಪವಾಗುತ್ತದೆ. ಸುಮ್ಮನೆ ನಿಂತಾಗ ನಿಮಿಷಕ್ಕೆ ಮೂವತ್ತೇ ಬಡಿತ. ನಡುವೆ ಒಂದು ಬಿಟ್ಟರೂ ಹೆದರಬೇಕಿಲ್ಲ. ಆದರೆ ಓಡಿಸಿದ ಮೇಲೂ ಬಿಡುತ್ತಿದ್ದರೆ ಆ ಕುದುರೆಯ ಮೇಲೆ ಯಾರೂ ಹತ್ತಕೂಡದು. ನಮ್ಮ ಕುದುರೆಗೆ ‘ಎದೆಗಾರ’ ಎಂದು ಹೆಸರಿಟ್ಟವನೂ ನೀನೇ. ಇವರು ನಗುತ್ತಿದ್ದರು, “ನಿಮ್ಮಣ್ಣ ತಮ್ಮ ಎದೇನೂ ಕುದುರೆಗೇ ಕೊಟ್ಬಿಟ್ಟಿದಾರೆ ಕಣೇ” ಅಂತ.

ಭಾನುವಾರ ಬೆಳಿಗ್ಗೆ ಅಭ್ಯಾಸದ ಓಟ ಮುಗಿಸಿ ಬಂದಾಗ ಅದರ ಎದೆಗೆ ಕಿವಿಯಿಟ್ಟೆ. ಬೆವರು ಕಿವಿಯೊಳಗೆ ಇಳಿಯಿತು. ಬಡಿತ ಬಿಟ್ಟಿತು. ಮತ್ತೆ ಬಿಟ್ಟಿತು. ಓಡಿ ಬಂದು ನಿನಗೆ ಹೇಳಿದೆ. “ನೀನೇನು ಡಾಕ್ಟ್ರೇನೇ? ಅದು ಎದೆಗಾರ. ಎಣಿಸೋದ್ರಲ್ಲಿ ತಪ್ಪಿರ್ತೀಯ, ಹೋಗು ಹೋಗು” ಅಂದೆ ನೀನು.

ಮಧ್ಯಾಹ್ನ ಪಂದ್ಯದ ಕೊನೆಯ ತಿರುವಿನಲ್ಲಿ ಅದರ ಮುಂಗಾಲು ಮಡಿಚಿಕೊಂಡವು. ಇವರು ಕುತ್ತಿಗೆಯ ಮೇಲಿಂದ ಹಾರಿ ಬಿದ್ದರು, ಇವರ ಮೇಲೆ ಅದು ಬಿತ್ತು. ಸಾಯುತ್ತಿದ್ದ ಕುದುರೆ ಒದ್ದಾಡಿತು, ಲಾಳದ ಕಾಲು ಇವರ ಎದೆಗೆ ಎರಡು ಸಲ ಬಡಿಯಿತು. ಆ ಸದ್ದು ಬೇಲಿಯ ಹತ್ತಿರಕ್ಕೂ ಕೇಳಿಸಿತು. ನಾನು ತಲುಪುವಾಗ ಬಾಯಿತುಂಬ ಮಣ್ಣು, ರಕ್ತ. ಏನೋ ಹೇಳಲು ಹೊರಟರು, ಹಲ್ಲು ಹೊರಬಂತು. ನೀನು ಮೊದಲು ಕೈಯಿಟ್ಟದ್ದು ಕುದುರೆಯ ಮೇಲೆ. ನನ್ನ ಸೊಂಟದಲ್ಲಿ ಕೊಕ್ಕೆ ಇತ್ತು.

ಕುದುರೆ ಡಾಕ್ಟರು ಹೃದಯವನ್ನು ಕೊಯ್ದು ತೆಗೆದು ತಕ್ಕಡಿಗೆ ಹಾಕಿದರು. ಆರು ಕಿಲೋ. “ಚೆನ್ನಾಗಿ ತಯಾರು ಮಾಡಿದಾರೆ” ಅಂದರು. ಆಮೇಲೆ ಸೀಳಿ ತೋರಿಸಿದರು. ದಪ್ಪ ಗೋಡೆಯೊಳಗೆ ನನ್ನ ಹೆಬ್ಬೆರಳಿನಷ್ಟು ಬಿಳಿ ಗಾಯದ ಕಲೆ. ಬಡಿತ ತಪ್ಪುತ್ತಿದ್ದದ್ದು ಇದರಿಂದಲೇ ಇರಬೇಕು ಅಂದರು. ಆಸ್ಪತ್ರೆಯಲ್ಲಿ ಇವರ ಪಕ್ಕೆಲುಬು ಎಣಿಸಿ ಹೇಳಿದರು, ಮುರಿದದ್ದು ಒಂಬತ್ತು.

‘ತಂಗಿ ನನಗೇನೂ ಹೇಳಿರಲಿಲ್ಲ’ ಎಂದು ವಿಚಾರಣೆಯಲ್ಲಿ ಹೇಳುತ್ತೀಯಂತೆ. ಲಾಳ ಕಟ್ಟುವವರು ತಿಳಿಸಿದರು. ಹೇಳು. ನಾನು ನಡೆದದ್ದನ್ನು ಹೇಳುತ್ತೇನೆ.

ಇಂತಿ,
ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಲಾಯದ ಬಾಗಿಲ ಹಲಗೆಯ ಮೇಲೆ ಆ ಬೆಳಿಗ್ಗೆ ‘ಬಡಿತ ಸರಿ’ ಎಂದು ಬರೆದದ್ದು ನಾನೇ. ನೀನು ಹೋಗು ಅಂದ ಮೇಲೆ ಬಂದು ಬರೆದೆ. ಇವರು ಜೀನು ಬಿಗಿಯುವ ಮುಂಚೆ ಅದನ್ನು ಓದಿ, ನನ್ನ ಕಡೆ ತಿರುಗಿ ತಲೆಯಾಡಿಸಿ, ಹತ್ತಿದರು. ಹಲಗೆಯನ್ನು ಕಳಚಿ ಇಟ್ಟುಕೊಂಡಿದ್ದೇನೆ, ಒರೆಸಿಲ್ಲ. ನಾಳೆ ಹತ್ತು ಗಂಟೆಗೆ ವಿಚಾರಣೆ. ಅದನ್ನೂ ತರುತ್ತೇನೆ.