ಬಾಗಲ ಬಾಜೂದ ಕಿಡಕಿ

ಆರ್.ಟಿ. ನಗರ,
೧೨-೮-೧೯೮೩

ಮನಿ ಮಾಲಕರಾದ ರಾಮಕೃಷ್ಣಪ್ಪನವರಿಗೆ,

ನಿಮ್ಮ ಬಾಡಗಿ ಮನಿಯ ಶರಣವ್ವನ ನಮಸ್ಕಾರ.

ನಮ್ಮ ಯಜಮಾನರ ಮಣ್ಣಿಗೆ ನಿಮ್ಮೂರು ಕೋಗಿಲಿನಿಂದ ಬಂದು ಕಡೀತನಕ ನಿಂತಿದ್ರಿ. ಅದನ್ನ ಮರಿಯಂಗಿಲ್ಲ.

ಬಾಗಲ ಬಾಜೂದ ಕಿಡಕಿಗೆ ಲಾಕ್ ಹಾಕಸ್ತೀನಂತ ನೀವು ಎಷ್ಟು ಸಲ ಹೇಳಿದ್ರಿ. ಹಿಂದಿನ ಓಣ್ಯಾಗ ಕಳ್ಳ ಕಿಡಕ್ಯಾಗ ಕೈ ಹಾಕಿ, ಬಾಗಲ ಅಗಳಿ ಸರಿಸಿ, ಹಿತ್ತಾಳಿ ಕೊಡ ಹೊತ್ತುಕೊಂಡು ಹೋದ ಮ್ಯಾಲೂ ನಾವು ಬ್ಯಾಡಂದಿವಿ. ನಿಮಗ ಸಿಟ್ಟು ಬಂತು. ಕಾರಣ ಹೇಳಾಕ ನನಗ ನಾಚಿಕಿ ಆಗಿತ್ತು.

ಅವರು ಫ್ಯಾಕ್ಟರಿ ರಾತ್ರಿ ಪಾಳಿ ಮುಗಿಸಿ ನಸುಕಿನ್ಯಾಗ ಬಂದ್ರ, ನನ್ನ ನಿದ್ದಿ ಕೆಡಬಾರದಂತ ಬಾಗಲಾ ಬಡೀತಿರಲಿಲ್ಲ. ಆ ಕಿಡಕಿ ದೂಡಿ, ಕೈ ಹಾಕಿ, ತಾವ ಅಗಳಿ ತಗೀತಿದ್ರು. ಸಪ್ಪಳ ಆಗಬಾರದಂತ ಅಗಳಿಗೆ ಕುಸಬಿ ಎಣ್ಣಿ ಬ್ಯಾರೆ ಹಚ್ಚತಿದ್ರು. ನನಗ ಎಚ್ಚರ ಆಗಿದ್ರೂ ಕಣ್ಣು ಮುಚ್ಚಿಕೊಂಡ ಮಲಗಿರತಿದ್ದೆ. ಅವರ ಕೈ ಬರೂದನ್ನ ಕೇಳಿಕೋತ.

ಈಗ ಲಾಕ್ ಹಾಕಸ್ರಿ. ಈ ವಾರದಾಗ ಬಡಿಗ್ಯಾನ್ನ ಕಳಸ್ರಿ. ಕಳ್ಳರ ಅಂಜಿಕಿ ಅಲ್ರಿ. ಗಾಳಿಗೆ ಆ ಕಿಡಕಿ ಅಲಗಾಡಿದ್ರ ಸಾಕು, ಎದ್ದು ಹೋಗಿ ಸ್ಟವ್ ಹಚ್ಚಿ ಇಬ್ಬರಿಗೂ ಚಾಕ್ಕ ಇಡತೀನಿ. ನೀರು ಕುದ್ದ ಮ್ಯಾಲೆ ನೆನಪಾಗತೈತಿ. ಇದು ನನ್ನ ಕೈಲೆ ಆಗವಲ್ದು.

ಇನ್ನೊಂದು ಮಾತು. ಅಗಳಿ ಹಳೇದಾತಂತ ಬಡಿಗ್ಯಾ ಅದನ್ನ ಬದಲಿ ಮಾಡಬಾರದು, ಮುಟ್ಟೂದೂ ಬ್ಯಾಡಂತ ಹೇಳ್ರಿ. ಅವರು ಹಚ್ಚಿದ ಎಣ್ಣಿ ಇನ್ನೂ ಆರಿಲ್ಲ.

ನಿಮ್ಮ ಮನ್ಯಾಗ ಇರೂ,
ಶರಣವ್ವ